ಬಾರದ ಚೆಂಡಿಗೆ ತೆರೆದ ಕೈ

ಅಂಚು ಏಳುತ್ತಿಲ್ಲ, ಉಗುರನ್ನು ಯಾಕೆ ಇಷ್ಟು ಒಳಗೆ ಕತ್ತರಿಸಿಕೊಂಡೆ, ಬೆವರಿದ ಹೆಬ್ಬೆರಳು ಅಂಟುಚೀಟಿಯ ಮೂಲೆಯ ಮೇಲೆ ಜಾರುತ್ತಲೇ ಇದೆ, ಹಸಿರು ಚೀಟಿ, ಚೆಂಡು ಹಿಡಿಯುವ ರಿಸೀವರುಗಳಿಗೆಲ್ಲ ಹಸಿರು, ಚೆಂಡು ಹೊತ್ತು ಓಡುವವರಿಗೆ ಕೆಂಪು, ಎಸೆಯುವವರಿಗೆ ನೀಲಿ, ಈ ಹಸಿರಿನ ಮೇಲೆ ಕಪ್ಪಕ್ಷರದಲ್ಲಿ ಡೆಮಾರ್ ಟಿಬೋ, ಕಾಲೇಜು ಬಿಟ್ಟು ಬಂದು ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗಿನಲ್ಲಿ ಇನ್ನೂ ಒಂದು ಪಂದ್ಯವನ್ನೂ ಆಡದ ಹುಡುಗ, ನನ್ನ ಬೆನ್ನ ಹಿಂದೆ ಡ್ಯೂವಿಯ ಗ್ಯಾರೇಜಿಗೆ ಗ್ಯಾರೇಜೇ ನಗುತ್ತಿದೆ. ಲೋ ವರ್ನ್, ಎರಡನೇ ಸುತ್ತಿಗೇ ಕೂಸನ್ನ ಎತ್ಕೊಂಡ್ಯಲ್ಲೋ, ಐದನೇ ಸುತ್ತಲ್ಲೂ ಸಿಗ್ತಿದ್ನಲ್ಲೋ ಅವನು, ಬಿಸಿಲು ತಲೆಗೇರ್ತಾ ಹೆಂಗೆ, ಇದು ಸ್ಟಾಶ್, ಬಾಯಲ್ಲಿ ಸಾಸೇಜು ಇಟ್ಟುಕೊಂಡೇ ಮಾತಾಡುವವನು, ಇಪ್ಪತ್ತು ವರ್ಷದಿಂದ ಅದೇ ಕುರ್ಚಿ, ಅದೇ ಬಾಯಿ. ನಗಲಿ. ಅಂಚು ಎದ್ದಿತು. ನಾವು ಸುತ್ತು ಸುತ್ತಾಗಿ ಆಟಗಾರರ ಹೆಸರು ಹಂಚಿಕೊಳ್ಳುವ, ಗೋಡೆಗೆ ಹೊಡೆದ ದೊಡ್ಡ ಹಲಗೆಯಲ್ಲಿ ನನ್ನ ಸಾಲು ಹುಡುಕುತ್ತೇನೆ, ಹುಡುಕುವುದೇನು, ಪ್ರತಿ ವರ್ಷ ಅಲ್ಲೇ, ಆದರೆ ಮೊದಲೆಲ್ಲ ಅಲ್ಲಿ ನಾವಿಬ್ಬರೂ ಸೇರಿ ಹ್ರುಸ್ಕಾ ಮತ್ತು ಹ್ರುಸ್ಕಾ ಎಂದಿರುತ್ತಿತ್ತು, ಈಗ ಬರೀ ವರ್ನ್, ಅದರ ಪಕ್ಕದ ಸಾಲಿನ ನೆತ್ತಿಯ ಮೇಲೆ ಡ್ಯೂವಿಯ ದಪ್ಪ ಕೈಬರಹದಲ್ಲಿ ಲಾರ್ನಾ ಕ್ಲಿಮೆಕ್, ನನ್ನ ಹೆಂಡತಿಯ ಮದುವೆಗೆ ಮುಂಚಿನ ಹೆಸರು, ಅದನ್ನು ಕೊನೆಯ ಸಲ ಬರೆದದ್ದು ನೋಡಿದ್ದು ಚರ್ಚಿನ ಮದುವೆ ಪುಸ್ತಕದಲ್ಲಿ. ಫ್ಲೋರಿಡಾಕ್ಕೆ ಹೋದ ಎಡ್‌ನ ಜಾಗ ಖಾಲಿಯಿತ್ತು, ಅವಳು ಫೋನು ಮಾಡಿ ಕೇಳಿದ್ದಳಂತೆ, ಡ್ಯೂವಿ ನನ್ನನ್ನು ಕೇಳಿದ್ದ, ನಿಂಗೇನೂ ಅಭ್ಯಂತರ ಇಲ್ವಲ್ಲ ಮಾರಾಯ, ನಾನು ಅಂದೆ ನಂಗ್ಯಾಕೆ, ಅವಳು ನಮ್ಮೆಲ್ಲರಿಗಿಂತ ಚೆನ್ನಾಗಿ ಆಡ್ತಾಳೆ. ಚೀಟಿ ಅಂಟಿತು, ಸ್ವಲ್ಪ ಸೊಟ್ಟಗೆ.

ಟೋಪಿ, ಟೋಪಿ, ಟೋಪಿ, ಎಲ್ಲರೂ ಮೇಜು ಬಡಿಯುತ್ತಿದ್ದಾರೆ, ಮೊದಲೆರಡು ಸುತ್ತಿನೊಳಗೆ ಎಳೆ ಹುಡುಗನನ್ನು ಆರಿಸಿದವನು ಸಂಜೆಯ ತನಕ ಟೋಪಿ ಹಾಕಿಕೊಂಡು ಕೂರಬೇಕು, ನಮ್ಮ ಲೀಗಿನ ಕಾನೂನು, ಡ್ಯೂವಿ ಅದನ್ನು ಬಣ್ಣದ ಡಬ್ಬಗಳ ಹಿಂದಿನಿಂದ ತೆಗೆದು ಧೂಳು ಕೊಡವುತ್ತಿದ್ದಾನೆ, ಹಳದಿ ಉಣ್ಣೆಯದು, ಕೂಸಿನ ಟೋಪಿ, ನನ್ನ ನೆತ್ತಿಯ ಮೇಲೆ ಅಂಗೈಯಷ್ಟು ಜಾಗಕ್ಕೆ ಮಾತ್ರ ಸಾಲುತ್ತದೆ, ಗದ್ದದ ಕೆಳಗೆ ಕಟ್ಟಲು ಸ್ಟಾಶ್ ಯಾವತ್ತೋ ಅದರ ದಾರಕ್ಕೆ ತನ್ನ ಶೂ ಲೇಸು ಸೇರಿಸಿದ್ದಾನೆ. ಬಗ್ಗು, ಬಗ್ಗೋ ತಾಯಿ ಮಗನೇ. ಬಗ್ಗಿದೆ. ಉಣ್ಣೆ ಈಗಲೂ ಮೆತ್ತಗಿದೆ. ಇವರಿಗೆಲ್ಲ ಗೊತ್ತಿರುವುದು ಲಾರ್ನಾ ಇದನ್ನು ತಮಾಷೆಗಾಗಿ ಹೆಣೆದಳು ಎಂದು, ಲೀಗು ಶುರುವಾದ ಹೊಸದರಲ್ಲಿ ಒಂದು ಮಧ್ಯಾಹ್ನ ಇದೇ ಮೇಜಿನ ಮೇಲೆ ಎಸೆದು ಅಂದಿದ್ದಳು, ಎಳೆ ಹುಡುಗರ ಮೇಲೆ ಆಸೆ ಇಟ್ಕೊಳ್ಳೋ ಪೆದ್ದು ಇದನ್ನ ಹಾಕ್ಕೊಂಡು ಕೂರ್ಲಿ, ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ, ನಗದೆ ಏನು ಮಾಡಲಿ, ಅವಳು ಅದನ್ನು ಹೆಣೆದ ಚಳಿಗಾಲ ನನಗೆ ಗೊತ್ತಿತ್ತು, ಕಿಟಕಿಯ ಪಕ್ಕ ಕೂತು, ಹೊಟ್ಟೆಯ ಮೇಲೆ ಉಣ್ಣೆಯ ಉಂಡೆ ಇಟ್ಟುಕೊಂಡು, ಹೊರಗೆ ಸರೋವರದ ಮೇಲಿಂದ ಬೀಸುವ ಹಿಮ, ಹೆಣೆದು ಮುಗಿದ ಮೇಲೆ ಹಾಕಿಕೊಳ್ಳಬೇಕಾದವರು ಯಾರೂ ಬರಲಿಲ್ಲ, ಮೇಜುವಸ್ತ್ರಗಳ ಕೆಳಗೆ ಡ್ರಾಯರಿನಲ್ಲಿ ಇತ್ತು ಅದು, ನಾನೂ ನೋಡಿ ಮುಚ್ಚುತ್ತಿದ್ದೆ, ಅವಳೂ ನೋಡಿ ಮುಚ್ಚುತ್ತಿದ್ದಳು, ಆಮೇಲೆ ಒಂದು ದಿನ ಮೇಜಿನ ಮೇಲೆ. ಅವತ್ತು ಕಾರಿನಲ್ಲಿ ವಾಪಸು ಬರುವಾಗ ನಾನು ಏನಾದರೂ ಕೇಳಬೇಕಿತ್ತೇ, ಕೇಳಿದ್ದು ನೆನಪಿದೆ, ಮೂರನೇ ಸುತ್ತಲ್ಲಿ ಆ ಓಟಗಾರನ್ನ ಯಾಕೆ ಬಿಟ್ವಿ, ಅಂತ. ಈಗ ಅವಳು ಆ ಕಡೆ ಲಾನ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಪತ್ರಿಕೆ ತಿರುವುತ್ತಿದ್ದಾಳೆ, ಕೂದಲು ಚಿಕ್ಕದಾಗಿ ಕತ್ತರಿಸಿಕೊಂಡಿದ್ದಾಳೆ, ಕತ್ತು ಕಾಣುತ್ತದೆ, ನನ್ನ ತಲೆಯ ಕಡೆ ನೋಡುತ್ತಿಲ್ಲ. ಲಾರ್ನಾ, ನಿನ್ನ ಸರದಿ ಕಣೇ. ಕೆಂಪು ಕೊಡು ಡ್ಯೂವಿ, ಟೆಕ್ಸಸಿನ ಆ ಓಟಗಾರ. ಅಷ್ಟೇ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾನು ಡೆಮಾರ್ ಟಿಬೋ ಅಂದಾಗ ಅವಳು ತಲೆಯೆತ್ತುತ್ತಾಳೆ ಎಂದುಕೊಂಡಿದ್ದೆ, ಕಳ್ಳ, ನನ್ನ ಹುಡುಗನ್ನ ಕದ್ಯಾ, ಅನ್ನುತ್ತಾಳೆ ಎಂದುಕೊಂಡಿದ್ದೆ, ಬಾಯಿಗೆ ಬಂದ ಹಾಗೆ ಬೈದರೆ ಇನ್ನೂ ಒಳ್ಳೆಯದು ಎಂದು ಬೇಸಿಗೆಯಿಡೀ ಅದನ್ನೇ ಯೋಚಿಸಿಕೊಂಡು ಹುಲ್ಲು ಕತ್ತರಿಸಿದ್ದೆ.

ಪರವಾಗಿಲ್ಲ, ಅವಳಿಗೆ ಒಳಗೆ ಉರಿಯುತ್ತಿರುತ್ತದೆ, ತೋರಿಸುವವಳಲ್ಲ. ಮೂರನೇ ಸುತ್ತು, ನಾಲ್ಕು, ನಾನು ಯಾರ್ಯಾರನ್ನೋ ಆರಿಸುತ್ತಿದ್ದೇನೆ, ಬಾಯಿ ಹೆಸರು ಹೇಳುತ್ತದೆ, ಕೈ ಚೀಟಿ ಅಂಟಿಸುತ್ತದೆ, ಕಣ್ಣು ಮತ್ತೆ ಮತ್ತೆ ಆ ಸೊಟ್ಟ ಹಸಿರಿಗೆ ಹೋಗುತ್ತದೆ. ಸ್ಟಾಶ್ ಹೇಳುವುದರಲ್ಲಿ ತಪ್ಪೇನಿಲ್ಲ, ಟಿಬೋಗೆ ಚೆಂಡು ಎಸೆಯಬೇಕಾದ ಮುದುಕನ ಭುಜ ಎರಡು ಸಲ ಕುಯ್ಯಿಸಿಕೊಂಡದ್ದು, ಹುಡುಗನ ಮುಂದೆ ಸಾಲಿನಲ್ಲಿ ಇಬ್ಬರು ಹಳೆಯ ಹುಲಿಗಳಿದ್ದಾರೆ, ಮೀನಖಂಡ ತೆಳು, ಹೆಗಲಿಗೆ ಹೆಗಲು ಕೊಟ್ಟು ತಳ್ಳುವ ಕಾವಲುಗಾರ ಎದುರಾದರೆ ಗೆರೆಯ ಆಚೆ ಹಾರಿ ಬೀಳುತ್ತಾನೆ, ರೇಡಿಯೋದವನು ವಾರವಿಡೀ ಬಡಿದುಕೊಂಡಿದ್ದಾನೆ, ಟಿಬೋ ಮುಂದಿನ ವರ್ಷದ ಮಾಲು, ಈ ವರ್ಷ ಮುಟ್ಟಬೇಡಿ. ಲೆಕ್ಕಕ್ಕೆ ಎಲ್ಲವೂ ನಿಜ. ಆದರೆ ಲೆಕ್ಕದಿಂದ ಆರಿಸುವವಳಲ್ಲ ಲಾರ್ನಾ, ಟೀವಿಯ ದನಿ ಅಡಗಿಸಿ ಕೂರುತ್ತಾಳೆ, ಚೆಂಡನ್ನು ನೋಡುವುದೇ ಇಲ್ಲ, ಚೆಂಡನ್ನ ಎಲ್ರೂ ನೋಡ್ತಾರೆ ವರ್ನ್, ಚೆಂಡು ಬೇರೆಯವನಿಗೆ ಹೋದಾಗ ಈ ಹುಡುಗ ಏನ್ ಮಾಡ್ತಾನೆ ಅದನ್ನ ನೋಡು. ಕಳೆದ ನವೆಂಬರು, ಶನಿವಾರ, ಕಾಲೇಜಿನ ಆಟ, ಅವಳ ಪಾದ ನನ್ನ ತೊಡೆಯ ಮೇಲೆ, ಉಪ್ಪುಗಡಲೆಯ ಬಟ್ಟಲು ನಡುವೆ, ಲೂಯಿಸಿಯಾನಾದ ಕೆಸರು ಮೈದಾನದಲ್ಲಿ ಚೆಂಡು ಆ ತುದಿಗೆ ಹಾರಿ ಎಲ್ಲರ ಕತ್ತೂ ಆ ಕಡೆ ತಿರುಗಿತ್ತು, ಇವನೊಬ್ಬ ಈ ತುದಿಯಲ್ಲಿ ತನ್ನ ಓಟವನ್ನು ಕೊನೆಯ ಹೆಜ್ಜೆಯವರೆಗೂ ಓಡಿ ತಿರುಗಿ ಎರಡೂ ಅಂಗೈಗಳನ್ನು ಎದೆಯ ಮುಂದೆ ತೆರೆದ, ಬರುವುದಿಲ್ಲವೆಂದು ಗೊತ್ತಿದ್ದ ಚೆಂಡಿಗೆ, ಬೆರಳು ಬಿಡಿಸಿ, ಖಾಲಿ ಗಾಳಿಗೆ. ಲಾರ್ನಾ ಎದ್ದು ಕೂತಳು. ಇವನು, ವರ್ನ್, ಇವನನ್ನ ಬರೆದಿಟ್ಕೋ, ಇವನು ನಮ್ಮೋನು. ನಮ್ಮೋನು ಅಂದಳು. ಮೂರು ತಿಂಗಳಾದ ಮೇಲೆ ಹೋದಳು.

ಅಮ್ಮನಿಗೆ ಒಂದು ಸಲ ಇದನ್ನೆಲ್ಲ ವಿವರಿಸಲು ಹೋಗಿದ್ದೆ, ನೋಡಮ್ಮ, ನಿಜವಾದ ಹುಡುಗರು ನಿಜವಾದ ಮೈದಾನದಲ್ಲಿ ಆಡ್ತಾರೆ, ನಾವು ಅವರ ಹೆಸರುಗಳನ್ನ ಹಂಚ್ಕೊಂಡು ಮನಸ್ಸಲ್ಲೇ ಒಂದೊಂದು ತಂಡ ಕಟ್ಟಿರ್ತೀವಿ, ನನ್ನ ಹುಡುಗ ಅಲ್ಲಿ ಚೆಂಡು ಹಿಡಿದ್ರೆ ನಂಗೆ ಇಲ್ಲಿ ಅಂಕ, ಹಾಗಾದ್ರೆ ಅವರು ನಿಮಗೋಸ್ಕರ ಆಡ್ತಾರಾ, ಇಲ್ಲಮ್ಮ, ನಾವು ಯಾರು ಅಂತಲೇ ಅವರಿಗೆ ಗೊತ್ತಿಲ್ಲ, ಅಮ್ಮ ಲಾರ್ನಾಳ ಮುಖ ನೋಡಿದ್ದಳು, ನನ್ನದಲ್ಲ. ಸೆಪ್ಟೆಂಬರಿನಿಂದ ಜನವರಿಯವರೆಗೆ ನಮ್ಮಷ್ಟು ಮಾತಾಡುವ ಗಂಡ ಹೆಂಡತಿ ಈ ಬೀದಿಯಲ್ಲಿರಲಿಲ್ಲ, ಹಲ್ಲುಜ್ಜುತ್ತಾ ಮಾತು, ಯಾರ ಮಂಡಿ ಹೇಗಿದೆ, ಯಾರ ಹೆಂಡತಿ ಹೆತ್ತಳು, ಆ ಹುಡುಗನನ್ನು ಕೂರಿಸೋಣವೋ ಆಡಿಸೋಣವೋ, ಪಾಪ ಅವನಿಗೆ ಜ್ವರವಂತೆ ಕಣೋ, ಯಾರದೋ ಮಕ್ಕಳ ಜ್ವರಕ್ಕೆ ನಮ್ಮ ಮಂಚದಲ್ಲಿ ಚಿಂತೆ. ಕೊನೆಯ ಪಂದ್ಯ ಮುಗಿದು ಟೀವಿ ಆರಿಸಿದರೆ ಫೆಬ್ರವರಿ. ಫೆಬ್ರವರಿಯಲ್ಲಿ ಆಟವಿಲ್ಲ. ಫ್ರಿಜ್ಜಿನ ಸದ್ದು ಕೇಳುತ್ತದೆ. ಅವಳು ಈ ಫೆಬ್ರವರಿಯಲ್ಲಿ ಅಡುಗೆಮನೆಯಲ್ಲಿ ನಿಂತು ಅಂದಳು, ವರ್ನ್, ಏನಾದ್ರೂ ಮಾತಾಡು. ನಾನು ಯೋಚಿಸಿದೆ, ನಿಜವಾಗಿಯೂ ಯೋಚಿಸಿದೆ, ಮಾತು ಹುಡುಕಿದೆ, ಸಿಕ್ಕಿದ್ದು ಇಷ್ಟು, ಮುಂದಿನ ವರ್ಷಕ್ಕೆ ತಂಡದಲ್ಲಿ ಯಾರನ್ನ ಇಟ್ಕೊಳ್ಳೋಣ. ಅವಳು ತಟ್ಟೆ ಒರೆಸುತ್ತಿದ್ದಳು, ಒರೆಸಿ ಮುಗಿಸಿದಳು, ಆ ತಟ್ಟೆಯನ್ನು ಜಾಗಕ್ಕಿಟ್ಟಳು, ಆಮೇಲೆ ಅಕ್ಕನ ಮನೆಗೆ ಹೋಗ್ತೀನಿ ಅಂದಳು.

ಏಯ್ ಟೋಪಿ, ನಿದ್ದೆ ಮಾಡ್ತಿದ್ದೀಯಾ, ಹಲಗೆ ತುಂಬ್ತು. ತುಂಬಿದೆ, ಕೆಂಪು ನೀಲಿ ಹಸಿರು, ಖಾಲಿ ಚೌಕವೇ ಇಲ್ಲ. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿದೆ, ಹೊರಗೆ ಕತ್ತರಿಸಿದ ಹುಲ್ಲಿನ ವಾಸನೆ, ಉಣ್ಣೆಯ ಕೆಳಗೆ ನೆತ್ತಿ ಕೆರೆಯುತ್ತದೆ. ಡ್ಯೂವಿ ಬಿಯರಿನ ಐಸ್ ಪೆಟ್ಟಿಗೆಯ ಹಿಡಿಕೆಗೆ ಕೈ ಹಾಕಿದ, ಕರಗಿದ ನೀರು ಹೊರಗಿನ ಕಾಂಕ್ರೀಟಿನ ಮೇಲೆ ಚೆಲ್ಲಿದರೆ ಇವತ್ತಿನ ಕೊಡುವುದು ಕೊಳ್ಳುವುದು ಮುಗಿಯಿತು, ಅದಕ್ಕೆ ಮುಂಚೆ ಯಾರು ಬೇಕಾದರೂ ತನ್ನ ಚೀಟಿಯನ್ನು ಕಿತ್ತು ಇನ್ನೊಬ್ಬನಿಗೆ ಒಡ್ಡಬಹುದು, ನಮ್ಮಲ್ಲಿ ಸಹಿ ಗಿಹಿ ಇಲ್ಲ, ಅಂಗೈಯ ಮೇಲೆ ಇಟ್ಟು ಚಾಚುವುದು, ಎದುರಿನವನು ತನ್ನ ಅಂಗೈಗೆ ತೆಗೆದುಕೊಂಡು ಮುಷ್ಟಿ ಮುಚ್ಚಿದರೆ ಆಯಿತು, ಆಮೇಲೆ ದೇವರು ಬಂದರೂ ಬದಲಿಲ್ಲ. ಚೆಲ್ತೀನಿ ನೋಡ್ರಪ್ಪ, ಯಾರಾದ್ರೂ ಇದ್ದೀರಾ. ತಡಿ ಡ್ಯೂವಿ. ಇದು ನನ್ನ ದನಿ. ಎಲ್ಲರೂ ತಿರುಗಿದರು. ಇದಕ್ಕಾಗಿಯೇ ತಾನೇ ಎರಡನೇ ಸುತ್ತು ಸುಟ್ಟದ್ದು, ಇದಕ್ಕಾಗಿಯೇ ತಾನೇ ಟೋಪಿ, ಅವಳಿಗಿಂತ ಮುಂಚೆ ಕಸಿದುಕೊಂಡು ಅವಳಿಗೇ ಕೊಡುವುದು, ಬರೀ ಕೈಯಲ್ಲಿ ಹೋಗಿ ಮನೆಗೆ ಬಾ ಅನ್ನಲು ನನಗೆ ಬರುವುದಿಲ್ಲ, ಹುಡುಗನನ್ನು ಹಿಡಿದುಕೊಂಡು ಹೋಗಿ ಅನ್ನುತ್ತೇನೆ. ಹಲಗೆಯಿಂದ ಚೀಟಿ ಕೀಳುವಾಗ ಕಾಗದದ ಪದರ ಒಂದಷ್ಟು ಅದರ ಜೊತೆಗೇ ಬಂತು, ಬಿಳಿ ಗಾಯ, ಸ್ಟಾಶ್ ಅಂದ, ಈಗ್ಲೇ ಪಶ್ಚಾತ್ತಾಪನಾ, ಬೀನ್ಸ್ ಡಬ್ಬಿಗೆ ಬದಲಾಯಿಸ್ಕೋತೀನಿ ಕೊಡು, ಯಾರೋ ನಕ್ಕರು, ಡ್ಯೂವಿ ನಗಲಿಲ್ಲ, ಪೆಟ್ಟಿಗೆಯನ್ನು ಓರೆಯಾಗಿಯೇ ಹಿಡಿದು ನಿಂತಿದ್ದಾನೆ, ಒಳಗೆ ಐಸು ಜಾರುವ ಸದ್ದು.

ಅವಳು ಆಗಲೇ ಹೊರಗೆ ತನ್ನ ಕಾರಿನ ಹತ್ತಿರ ನಿಂತಿದ್ದಾಳೆ, ಆಲೂಗಡ್ಡೆ ಕಡುಬಿನ ಖಾಲಿ ಪಾತ್ರೆಯನ್ನು ಒಳಗಿಟ್ಟು ಬಾಗಿಲು ಮುಚ್ಚಿದಳು, ಅದು ನಮ್ಮ ಮನೆಯ ಪಾತ್ರೆ, ಅಂಚಿನ ನೀಲಿ ಹೂವು ಒಂದು ಕಡೆ ಕಿತ್ತಿರುವುದು. ಲಾರ್ನಾ. ಹೂಂ. ಅಂಗೈ ಚಾಚಿದೆ, ಮೇಲೆ ಹಸಿರು ಚೀಟಿ, ಅಂಟು ಬೆವರಿಗೆ ಹತ್ತಿಕೊಂಡಿದೆ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡಿದ್ದೇನೆ. ಬದಲಿಗೆ ಯಾರು ಬೇಕು ನಿಂಗೆ, ಅಂದಳು, ವ್ಯವಹಾರದ ದನಿ. ಯಾರೂ ಬೇಡ, ಸುಮ್ನೆ ತಗೋ, ನಿನ್ನೋನು ಇವನು, ನಮ್ಮೋನು ಅಂದಿದ್ಯಲ್ಲ ಅವತ್ತು. ಅವಳ ಎರಡೂ ಕೈ ಜಾಕೆಟ್ಟಿನ ಜೇಬಿನಲ್ಲಿವೆ, ಈ ಸೆಖೆಯಲ್ಲಿ ಯಾರಾದರೂ ಜಾಕೆಟ್ಟು ಹಾಕುತ್ತಾರೆಯೇ, ಅಕ್ಕನದಿರಬೇಕು, ತೋಳು ಉದ್ದ. ಚೀಟಿಯನ್ನೇ ನೋಡುತ್ತಿದ್ದಾಳೆ, ಟೋಪಿಯನ್ನು ನೋಡುತ್ತಿಲ್ಲ. ಈ ತಿಂಗಳ ಅಭ್ಯಾಸದ ಪಂದ್ಯಗಳನ್ನ ನೋಡಿದ್ಯಾ ವರ್ನ್. ಮೂರನ್ನೂ ನೋಡ್ದೆ, ಎರಡು ಸಲ ಚೆನ್ನಾಗಿ ಹಿಡಿದ, ಒಂದು ಬಿಟ್ಟ, ಆದ್ರೆ ಅದು ಎಸೆದೋನ ತಪ್ಪು. ಚೆಂಡು ನೋಡಿದ್ದೆ ನೀನು, ಅಂದಳು. ಅಂದರೆ. ಅವನನ್ನ ನೋಡ್ಲಿಲ್ಲ, ಅವನೀಗ ಮೊದಲು ಕತ್ತು ತಿರುಗಿಸಿ ನೋಡ್ತಾನೆ ಕಣೋ, ಚೆಂಡು ತನಗಲ್ಲ ಅಂತ ಗೊತ್ತಾದ ತಕ್ಷಣ ಓಟ ನಿಲ್ಲಿಸ್ತಾನೆ, ನಡ್ಕೊಂಡು ವಾಪಸ್ ಬರ್ತಾನೆ, ಈಗ ಅವನು ಕೈ ತೆರೆಯಲ್ಲ ವರ್ನ್, ನಿಲ್ಲಿಸಿಬಿಟ್ಟಿದ್ದಾನೆ, ಯಾರೋ ಕಲಿಸಿರ್ತಾರೆ, ಇಲ್ಲಾ ತಾನೇ ಕಲ್ತಿರ್ತಾನೆ, ಐದನೇ ಸುತ್ತಲ್ಲೂ ನಾನು ತಗೊಳ್ತಿರ್ಲಿಲ್ಲ. ಬೈಗುಳವಿಲ್ಲ, ಕೋಪವಿಲ್ಲ, ಟೀವಿಯ ಮುಂದೆ ನನ್ನ ತೊಡೆಯ ಮೇಲೆ ಪಾದವಿಟ್ಟು ಹೇಳುತ್ತಿದ್ದಳಲ್ಲ ಅದೇ ಮೆತ್ತನೆಯ ದನಿ. ಆದ್ರೂ ತಗೋ, ಅಂದೆ. ಹುಡುಗ ಅಲ್ವಾ, ಮತ್ತೆ ಕಲೀತಾನೆ, ನಾವಿಬ್ರೂ ಕೂತು ನೋಡೋಣ ಭಾನುವಾರ, ದನಿ ಅಡಗಿಸಿ, ನಾನು ಚೆಂಡು ನೋಡಲ್ಲ, ಆಣೆ ಮಾಡ್ತೀನಿ, ನಂಗೆ ಬೇರೆ ಹೇಗೆ ಕೇಳೋದು ಅಂತ ಗೊತ್ತಿಲ್ಲ ಲಾರ್ನಾ, ಮನೆಗೆ ಬಾ. ಹೇಳಿಬಿಟ್ಟೆ. ಗ್ಯಾರೇಜಿನಲ್ಲಿ ಸ್ಟಾಶ್ ಕೂಡ ಅಗಿಯುವುದು ನಿಲ್ಲಿಸಿದ್ದಾನೆ, ಗದ್ದದ ಕೆಳಗೆ ಶೂ ಲೇಸು ಬಿಗಿಯುತ್ತಿದೆ, ಅವಳ ಜೇಬಿನೊಳಗೆ ಬೆರಳುಗಳು ಅಲುಗಿದಂತಾಯಿತು, ಬಟ್ಟೆ ಉಬ್ಬಿತು, ಬರುತ್ತದೆ, ಕೈ ಈಗ ಹೊರಗೆ ಬರುತ್ತದೆ, ಹಿಂದೆ ಡ್ಯೂವಿಯ ತೋಳು ಸೋತಿರಬೇಕು, ನೀರು ಚೆಲ್ಲಿದ ಸದ್ದು, ತಣ್ಣಗೆ ನನ್ನ ಶೂಗಳ ಸುತ್ತ ಹರಿದು ಅವಳ ಕಾರಿನ ಚಕ್ರದ ಕಡೆಗೆ, ನನ್ನ ಕೈ ಚಾಚಿಯೇ ಇದೆ, ಮಡಚಲು ಬರುತ್ತಿಲ್ಲ, ಕೆಸರು ಮೈದಾನ, ಆ ತುದಿಗೆ ಹೋದ ಚೆಂಡು, ಎಲ್ಲರ ಕತ್ತೂ ಆ ಕಡೆ, ಈ ತುದಿಯಲ್ಲಿ ಒಬ್ಬನೇ ಹುಡುಗ, ಕೊನೆಯ ಹೆಜ್ಜೆ, ತಿರುಗುತ್ತಾನೆ, ಬೆರಳು ಬಿಡಿಸುತ್ತಾನೆ, ಎರಡು ಅಂಗೈ, ತೆರೆದ ಅಂಗೈ —

ನಂಗೆ ಬೇಡ ವರ್ನ್, ಅಂದಳು.