ಷರತ್ತಿಲ್ಲದ ಕ್ಷಮೆ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ತುಂಬಿದ ಕೋರ್ಟಿನಲ್ಲಿ, ದಫೇದಾರ ತನ್ನ ಭಾವನ ದವಡೆ ಮುರಿದ.

ದಫೇದಾರನ ಅಕ್ಕನಿಗೆ ಹೊಡೆದು ಅವಳ ಬಲಗಣ್ಣು ಕಳೆದ ಆರೋಪಿ ಈ ಭಾವನೇ. ಅಂದು ಅವಳ ಸಾಕ್ಷ್ಯ. ಮೂರು ಸಲ ಕೂಗಿದರೂ ಒಳಗೆ ಬಾರದ ಸಾಕ್ಷಿಯನ್ನು ಕೈಬಿಡುವುದು ಆ ನ್ಯಾಯಾಧೀಶರ ನಿಯಮ. ಕೂಗುವವನು ದಫೇದಾರ. ಎರಡು ಸಲ ಕೂಗಿದ್ದ; ಅಕ್ಕ ಗಂಡನನ್ನು ಕಂಡು ಬಾಗಿಲಲ್ಲೇ ನಿಂತಿದ್ದಳು.

“ಕೂಗೋ ಭಾಮೈದ, ಇನ್ನೊಂದೇ ಸಲ,” ಕಟಕಟೆಯಿಂದ ಭಾವ ಅವನಿಗಷ್ಟೇ ಕೇಳುವಂತೆ ಹೇಳಿ ಹಲ್ಲು ಕಿರಿದ. “ಒಳಗೆ ಬಂದ್ರೆ ಇನ್ನೊಂದು ಕಣ್ಣೂ ಕೀಳ್ತೀನಿ ಅಂತ್ಲೂ ಹೇಳು.”

ಇಪ್ಪತ್ತೆರಡು ವರ್ಷ ಗಂಟಲಿನಿಂದಲೇ ಅನ್ನ ದುಡಿದವನಿಗೆ ಮೂರನೆಯ ಕೂಗು ಹೊರಡಲಿಲ್ಲ. ಹಿತ್ತಾಳೆ ಕಟ್ಟಿನ ಕೋಲನ್ನು ಎರಡೂ ಕೈಯಲ್ಲೆತ್ತಿ ಬೀಸಿದ. ಬಿದ್ದವನಿಗೆ ಮತ್ತೆರಡು ಬಿಗಿದ. ಗುಮಾಸ್ತನ ಕಡತಕ್ಕೆ ರಕ್ತ ಸಿಡಿಯಿತು. ಪೊಲೀಸರು ಅವನನ್ನು ನೆಲಕ್ಕೆ ಕೆಡವಿದರು.

“ಇದು ನ್ಯಾಯಾಂಗ ನಿಂದನೆ,” ಎಂದರು ನ್ಯಾಯಾಧೀಶರು. “ಷರತ್ತಿಲ್ಲದೆ ಕ್ಷಮೆ ಕೇಳು. ಇಲ್ಲಾಂದ್ರೆ ಒಂದು ತಿಂಗಳು ಜೈಲು. ಹಲ್ಲೆಯ ಕೇಸು ಬೇರೆ ನಡೆಯುತ್ತೆ.”

“ನಿಮ್ಮೆದುರು ಹೊಡೆದದ್ದಕ್ಕೆ ಕಾಲು ಹಿಡೀತೀನಿ ಸ್ವಾಮಿ. ಅವನಿಗೆ ಹೊಡೆದದ್ದಕ್ಕೆ ಕೇಳಲ್ಲ.”

“ಅದೂ ಒಂದು ಷರತ್ತೇ.”

“ಹೌದು ಸ್ವಾಮಿ.”

ಅವನನ್ನು ಜೈಲಿಗೆ ಒಯ್ದರು. ಆರೋಪಿ ಆಸ್ಪತ್ರೆ ಸೇರಿದ್ದರಿಂದ ಮೂರನೆಯ ಕೂಗಿಲ್ಲದೆ ಉಳಿದ ಅಕ್ಕನ ಸಾಕ್ಷ್ಯ ಆರು ವಾರ ಮುಂದಕ್ಕೆ ಹೋಯಿತು.