ಲೀಲಾಬಾಯಿಯ ಬಿಳಿ ಸೀರೆ

ನಿರಂಜನನಿಗೆ ಸಿನಿಮಾದ ಹುಚ್ಚು ಎಂದರೆ ನಾನು ನಂಬುವುದಿಲ್ಲ. ಅವನಿಗಿರುವುದು ಮೈಕಿನ ಹುಚ್ಚು. ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನ ಯಾವುದೋ ಕಂಪನಿಯಲ್ಲಿ ಎಂಥದೋ ಮ್ಯಾನೇಜರು. ಅಲ್ಲಿ ಅವನ ಮಾತು ಯಾರೂ ಕೇಳುವುದಿಲ್ಲವೋ ಏನೋ, ಆ ಬಾಕಿಯನ್ನೆಲ್ಲ ಶಿಕಾಗೋ ಸುತ್ತಮುತ್ತಲಿನ ಕನ್ನಡಿಗರ ಮೇಲೆ ತೀರಿಸಿಕೊಳ್ಳುತ್ತಾನೆ. ಅಲ್ಲಿನ ಕನ್ನಡ ಕೂಟದ ಸಾಂಸ್ಕೃತಿಕ ಕಾರ್ಯದರ್ಶಿ ಬೇರೆ. ಹೆಗಲ ಮೇಲೊಂದು ಶಾಲು, ಬಾಯಲ್ಲೊಂದು ‘ಹೆರಿಟೇಜು’. ಶಾಲಿಲ್ಲದೆ ಒಮ್ಮೆ ಗ್ರಾಸರಿ ಅಂಗಡಿಯಲ್ಲಿ ಎದುರಾದಾಗ ನನಗೆ ಅವನ ಗುರುತೇ ಹತ್ತಿರಲಿಲ್ಲ.

ಅಂಥವನ ಕೈಗೆ ನಮ್ಮ ಆಯಿ ಸಿಕ್ಕಿಬಿದ್ದದ್ದು ೨೦೦೩ರಲ್ಲಿ, ನಮ್ಮೂರು ಟ್ರಾಯ್‌ನ ದೇವಸ್ಥಾನದ ಊಟದ ಹಾಲಿನಲ್ಲಿ. ಆಯಿ ಎಂದರೆ ನನ್ನ ತಾಯಿಯ ತಾಯಿ, ಸುವರ್ಣಮ್ಮ, ಹುಬ್ಬಳ್ಳಿಯವಳು. ಎಂಬತ್ತಾರು ವರ್ಷ. ಆರು ತಿಂಗಳು ಇದ್ದು ಹೋಗಲೆಂದು ನಮ್ಮಲ್ಲಿಗೆ ಬಂದಿದ್ದಳು. ಅವತ್ತು ನನ್ನ ಮಗಳು ತನಿಷಾಗೆ ತನ್ನ ಅಪ್ಪನ ಸಂಗತಿ ಹೇಳುತ್ತ ಕೂತಿದ್ದಳು. ತನಿಷಾ ಇಂಗ್ಲಿಷಿನಲ್ಲಿ ಹೂಂಗುಟ್ಟುತ್ತಿದ್ದಳು.

ಆಯಿಯ ಅಪ್ಪ ದಾನಪ್ಪ ಟೆಂಟ್ ಸಿನಿಮಾದಲ್ಲಿ ಕಥೆ ಹೇಳುವವನು. ಮೂಕಿ ಚಿತ್ರಗಳ ಕಾಲವದು. ಪರದೆಯ ಮೇಲೆ ಬಿಳಿಯರು ಸುಮ್ಮನೆ ಬಾಯಾಡಿಸುವರು, ನಡುನಡುವೆ ಇಂಗ್ಲಿಷ್ ಅಕ್ಷರ ಬರುವುದು. ಹುಬ್ಬಳ್ಳಿಯ ಟೆಂಟಿನಲ್ಲಿ ಅದನ್ನು ಓದುವವರು ಯಾರು? ಅದಕ್ಕೇ ಪರದೆಯ ಪಕ್ಕ ಒಬ್ಬ ಕೋಲು ಹಿಡಿದು ನಿಂತು, ಇವಳು ಇಂಥವರ ಮಗಳು, ಇವನೊಬ್ಬ ಮನೆಹಾಳ ಎಂದು ಕನ್ನಡದಲ್ಲಿ ಕಥೆ ಹೇಳುತ್ತಿದ್ದ. ಮಜಾ ಎಂದರೆ ದಾನಪ್ಪನಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಮಾಲೀಕ ಬಾಯಿಪಾಠ ಮಾಡಿಸಿದ ಇಂಗ್ಲಿಷ್ ಹೆಸರನ್ನು ಶುರುವಿಗೆ ಒಮ್ಮೆ ಜೋರಾಗಿ ಕೂಗಿ, ಆಮೇಲೆ ಚಿತ್ರ ನೋಡಿ ತನಗೆ ತಿಳಿದಂತೆ ಕಥೆ ಕಟ್ಟುತ್ತಿದ್ದ. ಮಾಲೀಕನ ಹೆಸರು ಊರ ಗೋಡೆಗಳ ಮೇಲೆಲ್ಲ ಇತ್ತು. ದಾನಪ್ಪನ ಹೆಸರು ಎಲ್ಲಿಯೂ ಅಚ್ಚಾಗಲಿಲ್ಲ.

“ಮಾತಾಡೋ ಸಿನಿಮಾ ಬಂತು, ನಮ್ಮಪ್ಪ ಮೂಕ ಆದ,” ಎಂದಳು ಆಯಿ. “ಮುಂದ ಹಮಾಲಿ ಮಾಡಿದ. ಅಂವ ಏನಾಗಿದ್ದ ಅಂತ ಒಬ್ಬರಿಗೂ ನೆನಪಿಲ್ಲ.”

ಪಕ್ಕದ ಮೇಜಿನಲ್ಲಿ ಪುಳಿಯೋಗರೆ ತಿನ್ನುತ್ತಿದ್ದ ನಿರಂಜನ ತಟ್ಟೆ ಸಮೇತ ಬಂದು ಕೂತ. ಹೆಂಡತಿಯ ಅಣ್ಣನ ಮನೆಗೆಂದು ಬಂದಿದ್ದನಂತೆ. “ಅಜ್ಜಿ, ಆ ಇಂಗ್ಲಿಷ್ ಹೆಸರು ಏನಾದ್ರೂ ನೆನಪಿದ್ಯಾ?” ಎಂದ. ಆಯಿ ಕಣ್ಣು ಮುಚ್ಚಿ, ಅಪ್ಪನ ಧಾಟಿಯಲ್ಲೇ ಕೂಗಿದಳು: “ದಿ ಬ್ರೈಡ್ ಆಫ್ ಥಾರ್ನ್‌ಲಿ ಹಾಲ್!” ಇಡೀ ಊಟದ ಹಾಲು ತಿರುಗಿ ನೋಡಿತು.

ಎರಡು ವಾರಕ್ಕೆ ನಿರಂಜನನ ಫೋನು. ಅದು ೧೯೨೧ರ ಬ್ರಿಟಿಷ್ ಪ್ರೇಮಚಿತ್ರವಂತೆ. ಆ ಕಾಲದ ಇಂಗ್ಲೆಂಡಿನಲ್ಲಿ ಮನೆಮನೆಯಲ್ಲೂ ಇದ್ದ ಕಾದಂಬರಿಯಿಂದ ತೆಗೆದದ್ದಂತೆ. ಈಗ ಪ್ರಪಂಚದ ಯಾವ ಮೂಲೆಯಲ್ಲೂ ಒಂದು ಪ್ರತಿಯಿಲ್ಲವಂತೆ. “ಮೇಡಂ, ಈ ಫಿಲ್ಮ್ ನೋಡಿರೋ ಕಣ್ಣು ಅಂತ ಉಳಿದಿದ್ರೆ ನಿಮ್ಮ ಅಜ್ಜೀದೇ! ನವೆಂಬರ್ ರಾಜ್ಯೋತ್ಸವಕ್ಕೆ ಕರ್ಕೊಂಡು ಬನ್ನಿ. ಹಳೇ ಫಿಲ್ಮ್‌ಗಳ ಮೇಲೆ ಪುಸ್ತಕ ಬರೆಯೋ ಪ್ರೊಫೆಸರ್ ಒಬ್ರನ್ನ ಇನ್ವೈಟ್ ಮಾಡಿದೀನಿ.”

ಆ ಕಾದಂಬರಿಯನ್ನು ನಾನು ಲೈಬ್ರರಿಯಿಂದ ತರಿಸಿ ಓದಿದೆ. ಅಯ್ಯೋ ಕರ್ಮವೇ! ಲಿಲಿಯನ್ ಎಂಬ ಸಿರಿವಂತರ ಹುಡುಗಿ, ಅವಳಿಗೆ ಗೊತ್ತು ಮಾಡಿದ ಮುದಿ ಜಮೀನ್ದಾರ, ಅವಳು ಮೆಚ್ಚಿದ ಬಡ ಚಿತ್ರಕಾರ. ಅವನು ಅವಳನ್ನು ನೋಡುತ್ತಾನೆ, ಅವಳು ಸಮುದ್ರವನ್ನು ನೋಡುತ್ತಾಳೆ, ಹೀಗೇ ನಾನೂರು ಪುಟ. ಕಡೆಗೆ ಹಳ್ಳಿಯ ಚರ್ಚಿನಲ್ಲಿ ಇಬ್ಬರಿಗೂ ಮದುವೆ. ಇದನ್ನು ಒಂದು ದೇಶಕ್ಕೆ ದೇಶವೇ ಓದಿ ಕಣ್ಣೀರಿಟ್ಟಿತೆಂದರೆ ಆ ದೇಶದ ಬಗ್ಗೆ ನನಗಿದ್ದ ಅಷ್ಟಿಷ್ಟು ಗೌರವವೂ ಹೋಯಿತು.

ಆಯಿ ಹೇಳುವ ಕಥೆಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ನಿರಂಜನನಿಗೆ ಫೋನಿನಲ್ಲೇ ಬಿಡಿಸಿ ಹೇಳಿದೆ. “ಅದೆಲ್ಲ ಡೀಟೇಲ್ಸು ಮೇಡಂ, ಟ್ರಾನ್ಸ್‌ಲೇಟ್ ಮಾಡೋನು ನಾನೇ ಅಲ್ವಾ, ಮ್ಯಾನೇಜ್ ಮಾಡ್ತೀನಿ,” ಎಂದ. ಆಯಿ ಫೋನು ಇಸಿದುಕೊಂಡು ಒಂದೇ ಮಾತು ಕೇಳಿದಳು: “ತಮ್ಮಾ, ಆ ಸಾಹೇಬರ ಪುಸ್ತಕದಾಗ ನಮ್ಮಪ್ಪನ ಹೆಸರು ಬರತೈತೇನು?”

“ಗ್ಯಾರಂಟಿ ಅಜ್ಜಿ,” ಎಂದ ಭಂಡ.

ಅವತ್ತಿನಿಂದ ಆಯಿಗೆ ಅದೇ ಧ್ಯಾನ. ಚೊಲೋ ಇಳಕಲ್ ಸೀರೆ ತೆಗೆದಿಟ್ಟಳು. ಅಡುಗೆಮನೆಯಲ್ಲಿ ಪಲ್ಯದ ಸೌಟು ಹಿಡಿದು ದಾನಪ್ಪನ ಹಾಗೆ ನಿಂತು ಕಥೆ ಹೇಳಿ ಹೇಳಿ ರೂಢಿ ಮಾಡಿಕೊಂಡಳು. “ಹಡದಪ್ಪಗ ಒಂದು ಫೋಟೋ ಸೈತ ಇಲ್ಲ ನೋಡವಾ. ಹೆಸರರ ಉಳೀಲಿ,” ಎನ್ನುವಳು. ಅದೊಂದು ಆಗಲಿ ಎಂದೇ ನಾನು ಶಿಕಾಗೋವರೆಗೆ ಐದು ತಾಸು ಡ್ರೈವ್ ಮಾಡಲು ಒಪ್ಪಿದ್ದು. ನಿರಂಜನನ ಮುಖ ನೋಡಲು ಐದು ಮೈಲಿಯೂ ಹೋಗುವವಳಲ್ಲ ನಾನು.

ರಾಜ್ಯೋತ್ಸವ ಬಾಡಿಗೆಗೆ ಹಿಡಿದ ಹೈಸ್ಕೂಲಿನ ಸಭಾಂಗಣದಲ್ಲಿ. ಎಂದಿನಂತೆ ತಡ. ಎಂದಿನಂತೆ ವೇದಿಕೆಯ ತುಂಬ ಮುಖ್ಯ ಅತಿಥಿಗಳು, ಪ್ರತಿಯೊಬ್ಬರಿಗೂ ಶಾಲು, ಹಣ್ಣಿನ ಬುಟ್ಟಿ ಮತ್ತು ಮೈಕು. ಪ್ರೊಫೆಸರ್ ಹಾಲ್ವರ್ಸನ್ ಎಂಬ ಆ ಬಡಪಾಯಿ ಮೊದಲ ಸಾಲಿನಲ್ಲಿ ಮೊಣಕಾಲು ಮಡಚಿಕೊಂಡು ತಾಳ್ಮೆಯಿಂದ ಕೂತಿದ್ದರು. ಕೊನೆಗೂ ಆಯಿಯ ಸರದಿ ಬಂತು. ವೇದಿಕೆಯ ಮೇಲೆ ಆಯಿಗೆ, ಪ್ರೊಫೆಸರಿಗೆ, ನಿರಂಜನನಿಗೆ ಎಂದು ಮೂರು ಕುರ್ಚಿ. ನಡುವಿನದು ನಿರಂಜನನದೇ ಎಂದು ಬೇರೆ ಹೇಳಬೇಕಿಲ್ಲ.

ಆಯಿ ಕೂರಲಿಲ್ಲ. ಊರುಗೋಲನ್ನೇ ಎತ್ತಿ ಹಿಡಿದು ಶುರು ಮಾಡಿದಳು. ದಾನಪ್ಪನ ಪ್ರಕಾರ ಅದು ‘ಪತಿವ್ರತಾ ಲೀಲಾಬಾಯಿ’. ಮುದಿ ಜಮೀನ್ದಾರನೇ ಅವಳ ಗಂಡ, ಹಾಸಿಗೆ ಹಿಡಿದವನು. ಚಿತ್ರಕಾರ ಅವಳ ಒಡಹುಟ್ಟಿದ ಅಣ್ಣ, ಚಿಕ್ಕಂದಿನಲ್ಲೇ ಕಳೆದುಹೋಗಿ ಈಗ ತಂಗಿಯನ್ನು ಹುಡುಕಿಕೊಂಡು ಬಂದವನು. ಸಭೆ ನಿದ್ದೆಯಿಂದ ಎದ್ದು ಕೂತಿತು.

ಆಗ ಪ್ರೊಫೆಸರ್ ಕೇಳಿದರು: ತೋಟದಲ್ಲಿ ಚುಂಬನದ ದೃಶ್ಯವೊಂದಿತ್ತು, ಅದರ ಫೋಟೋ ಮಾತ್ರ ಉಳಿದಿದೆ, ಅದು ನೆನಪಿದೆಯೇ?

ನಿರಂಜನ ನಾಚಿಕೊಂಡು ಕನ್ನಡಿಸಿದ. ಆಯಿಗೆ ಯಾವ ನಾಚಿಕೆಯೂ ಇಲ್ಲ. “ಮುದ್ದಲ್ಲೋ ತಮ್ಮಾ! ‘ತಂಗಿ ಕಣ್ಣಾಗ ಕಸ ಬಿದ್ದೈತಿ, ಅಣ್ಣ ಊದಾಕತ್ತಾನ’ ಅಂತ ಅಪ್ಪ ಹೇಳತಿದ್ದ. ವಿಲಾಯತಿಯೊಳಗ ಧೂಳು ಭಾಳ, ಎಲ್ಲಾ ಸಿನಿಮಾದಾಗೂ ಬೀಳತಿತ್ತು.”

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಿರಂಜನ ಗಂಟಲು ಸರಿಪಡಿಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದ: “ಬೆಳದಿಂಗಳಲ್ಲಿ ಅದೊಂದು ಉತ್ಕಟವಾದ ಆಲಿಂಗನ, ನಾನು ಮರೆತಿಲ್ಲ ಎನ್ನುತ್ತಾರೆ.” ಇಷ್ಟು ಜನ ಯಾಕೆ ನಕ್ಕರೆಂದು ಪ್ರೊಫೆಸರ್ ಪಾಪ ಹಿಂದೆ ಮುಂದೆ ನೋಡಿದರು.

ಹೀಗೇ ಸಾಗಿತು. ಆಯಿ ‘ಅಪ್ಪ ಹೇಳತಿದ್ದ’ ಎಂದಾಗೆಲ್ಲ ಇವನ ಇಂಗ್ಲಿಷಿನಲ್ಲಿ ಅದು ‘ನಾನು ನೋಡಿದೆ’ ಆಗುತ್ತಿತ್ತು. ದಾನಪ್ಪ ಎಂಬ ಹೆಸರು ಒಂದು ಸಲವೂ ಆ ಬಾಯಿಂದ ಹೊರಬೀಳಲಿಲ್ಲ. ಅಲ್ಲಿದ್ದವರಲ್ಲಿ ಮುಕ್ಕಾಲು ಪಾಲು ಎರಡೂ ಭಾಷೆ ಬಲ್ಲವರು. ಒಬ್ಬರಾದರೂ ತುಟಿ ಬಿಚ್ಚಿದರೇ? ಬಿಸಿಬೇಳೆಭಾತಿನ ವಾಸನೆ ಆಗಲೇ ಒಳಗೆ ಬರುತ್ತಿತ್ತು, ಎಲ್ಲರೂ ಸಭ್ಯರಾಗಿಬಿಟ್ಟಿದ್ದರು.

ಕೊನೆಯ ದೃಶ್ಯ ಬಂತು. ಲೀಲಾಬಾಯಿ ತಲೆಯಿಂದ ಕಾಲಿನವರೆಗೆ ಬಿಳಿ ಉಟ್ಟಿದ್ದಾಳೆ, ಮುಖದ ಮೇಲೆ ಬಿಳಿ ಸೆರಗು. “ಗಂಡ ತೀರಿಕೊಂಡ,” ಎಂದಳು ಆಯಿ. ದನಿ ಇಳಿದಿತ್ತು. “ಬಿಳೀ ಸೀರಿ ಉಟ್ಟಾಳ. ಕೈಯಾಗ ಪೂಜಿ ಹೂ. ಅಣ್ಣ ಕೈಹಿಡಿದು ಮಠಕ್ಕ ಕರಕೊಂಡು ಹೊಂಟಾನ. ಇನ್ನ ಆಕಿ ಸಂಸಾರ ಮುಗೀತು.” ಇಷ್ಟು ಹೇಳುವಾಗ ಆಯಿಯ ಕಣ್ಣು ತುಂಬಿತ್ತು.

ನಿರಂಜನ ಹಲ್ಲು ಕಿರಿದ. “ಕೊನೆಗೆ ಚರ್ಚಿನಲ್ಲಿ ಇಬ್ಬರಿಗೂ ಮದುವೆ, ಅದನ್ನು ನೆನೆದರೆ ಈಗಲೂ ಆನಂದಬಾಷ್ಪ ಬರುತ್ತದಂತೆ!”

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಸೀದಾ ವೇದಿಕೆ ಹತ್ತಿದೆ. “ಸುಳ್ಳು ಬೊಗಳಬೇಡಿ ನಿರಂಜನ್,” ಎಂದು ಮೈಕು ಕಿತ್ತುಕೊಂಡು, ಆಯಿ ಹೇಳಿದ್ದೆಲ್ಲವನ್ನೂ ಪ್ರೊಫೆಸರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಕಣ್ಣಿನ ಕಸ, ಅಣ್ಣ, ಮಠ, ಬಿಳಿ ಸೀರೆ, ಎಲ್ಲ. ಇದನ್ನು ಕಟ್ಟಿದವನು ದಾನಪ್ಪ ಎಂದೂ ಹೇಳಿದೆ. ನಿರಂಜನ ಮುಖ ಸಣ್ಣಗೆ ಮಾಡಿಕೊಂಡು, “ಯಾಕ್ ಮೇಡಂ ಹೀಗ್ ಮಾಡಿದ್ರಿ, ಎಲ್ಲಾ ಹಾಳಾಯ್ತು,” ಎಂದು ಪಿಸುಗುಟ್ಟಿದ. ಅವನ ಕಡೆ ನೋಡುವಷ್ಟು ಪುರುಸೊತ್ತೂ ನನಗಿರಲಿಲ್ಲ.

ಪ್ರೊಫೆಸರ್ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಚಿತ್ರದಲ್ಲಿ ಕಾದಂಬರಿಯ ಕೊನೆಯನ್ನು ಬದಲಿಸಿದ್ದರೆಂದು ಅಂದಿನ ಒಂದು ಪತ್ರಿಕೆ ಬರೆದಿತ್ತಂತೆ, ಇಲ್ಲವೆಂದು ಇನ್ನೊಂದು. ಮದುವೆಯಿತ್ತೋ ಇಲ್ಲವೋ ಈಗ ಯಾರಿಗೂ ತಿಳಿಯದು. “ಕೇಳಿದ ಕಥೆ ಬೇಡ. ನಿಮ್ಮಜ್ಜಿ ತನ್ನ ಕಣ್ಣಿಂದ ಕಂಡದ್ದು ಮದುವೆಯೇ? ಅದನ್ನು ಮಾತ್ರ ಹೇಳಲಿ. ಹಾಗೆ ಕಂಡಿದ್ದರೆ ನಾನು ಬರೆಯುತ್ತೇನೆ, ಆಕೆಯ ತಂದೆಯ ಹೆಸರನ್ನೂ ಬರೆಯುತ್ತೇನೆ,” ಎಂದರು.

ನಾನು ಆಯಿಯನ್ನು ಕುರ್ಚಿಯಲ್ಲಿ ಕೂರಿಸಿ ತಿಳಿಸಿ ಹೇಳಿದೆ. ಇಂಗ್ಲೆಂಡಿನಲ್ಲಿ ಬಿಳಿ ಉಡುವವಳು ವಿಧವೆಯಲ್ಲ, ಮದುಮಗಳು, ಆ ಮಠ ಚರ್ಚು, ಅಣ್ಣನೆಂದದ್ದು ವರ. ಆಯಿ ಬಾಯಿ ತೆರೆದು ಕೇಳಿದಳು.

“ಮದುವೆ ಅಂತ ಒಂದು ಮಾತು ಹೇಳಿ ಅಜ್ಜಿ, ನಿಮ್ಮ ತಂದೆ ಹೆಸರು ಬಂದುಬಿಡುತ್ತೆ,” ಎಂದು ನಿರಂಜನ ಅವಳ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತ.

ಜೀವಮಾನದಲ್ಲಿ ಮೊದಲ ಸಲ ನಾನೂ ಅವನ ಪಕ್ಷ ಸೇರಿದೆ. “ಹೂಂ ಅನ್ನು ಆಯಿ,” ಎಂದೆ. “ಖರೇನ ಮದವಿನ ಇದ್ದಿರಬೇಕು.”

ಹಿಂದಿನ ಸಾಲುಗಳಲ್ಲಿ ಒಬ್ಬೊಬ್ಬರೇ ಎದ್ದು ಊಟದ ಕಡೆ ಜಾರತೊಡಗಿದ್ದರು.

“ನಾ ಪರದೇ ನೋಡಿಲ್ಲವ್ವಾ,” ಎಂದಳು ಆಯಿ. “ಪರದೇಕ ಬೆನ್ನ ಮಾಡಿ, ಅಪ್ಪನ ಮಾರಿ ನೋಡಕೋತ ಕುಂದರತಿದ್ದೆ. ಆ ಲೀಲಾಬಾಯಿ ಕರ್ರಗಿದ್ದಳೋ ಕೆಂಪಗಿದ್ದಳೋ ನನಗ ಗೊತ್ತಿಲ್ಲ. ಬಿಳೀ ಸೀರಿ ಮಾತು ಬಂದಾಗ ಅಪ್ಪ ಅಳತಿದ್ದ. ಪ್ರತಿ ಆಟಕ್ಕೂ ಅಳತಿದ್ದ. ಮನ್ಯಾಗ ಗಂಗತ್ತಿ ಇದ್ದಳು, ಅಪ್ಪನ ತಂಗಿ. ಹದಿನಾರಕ್ಕ ಬಿಳೀ ಸೀರಿ ಉಟ್ಟಾಕಿ. ಆಕಿನ್ನ ಎಲ್ಲಿಗರ ಕರಕೊಂಡು ಹೋಗಿ ಸುಖಾ ಕೊಡಬೇಕಂತಿದ್ದ, ಅಂವನ ಕೈಲೆ ಆಗಲಿಲ್ಲ. ಆ ಕಥಿನ ಅಂವ ಹೇಳತಿದ್ದ. ಈಗ ಅದು ಮದವಿ ಇತ್ತು ಅಂತ ನಾ ಹೆಂಗ ಹೇಳಲಿ?”

ಒಂದು ಮಾತನ್ನೂ ಬದಲಿಸದೆ ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಪ್ರೊಫೆಸರ್ ತಲೆ ತಗ್ಗಿಸಿ ಕೇಳಿದರು. ಪೆನ್ನನ್ನು ಜೇಬಿಗೆ ಸೇರಿಸಿದರು. ಆಯಿಯ ಕೈ ಕುಲುಕಿ, ತುಂಬ ಚೆನ್ನಾಗಿತ್ತು, ಆದರೆ ತನಗೆ ಬೇಕಿದ್ದದ್ದು ಚಿತ್ರ ನೋಡಿದವರು ಎಂದು ನಯವಾಗಿ ಹೇಳಿ ಕೆಳಗಿಳಿದರು. ನಿರಂಜನ ತಟ್ಟನೆ ಮೈಕು ಎತ್ತಿಕೊಂಡು, “ಅಜ್ಜಿಗೆ ಒಂದು ಜೋರು ಚಪ್ಪಾಳೆ! ಊಟ ರೆಡಿ ಇದೆ, ದಯವಿಟ್ಟು ಕ್ಯೂನಲ್ಲಿ ಬನ್ನಿ,” ಎಂದ. ಆ ಮನುಷ್ಯನಿಗೆ ಮಾನ ಎಂಬುದನ್ನು ದೇವರು ಕೊಟ್ಟೇ ಇಲ್ಲ.

ಖಾಲಿಯಾಗುತ್ತಿದ್ದ ಸಭಾಂಗಣವನ್ನು ನೋಡುತ್ತ ಆಯಿ ಕೇಳಿದಳು: “ಅಪ್ಪನ ಹೆಸರು ಬರಕೊಂಡರೇನು?”

“ಇಲ್ಲ ಆಯಿ.”

“ನಾ ಹೂಂ ಅಂದಿದ್ರ ಬರಕೋತಿದ್ರು?”

“ಹೂಂ. ಬರಕೋತಿದ್ರು.”

“ಹಂಗಾರ ಬ್ಯಾಡ ಬಿಡು,” ಎಂದಳು ಆಯಿ. ಎಂದವಳೇ ಸೆರಗನ್ನು ಬಾಯಿಗೊತ್ತಿಕೊಂಡು, ಸಣ್ಣ ಹುಡುಗಿಯಂತೆ ಬಿಕ್ಕಿ ಬಿಕ್ಕಿ ಅತ್ತಳು.