ರಾಜಿಪತ್ರ ಬರೆದವರು

ಕೂಡಿಸುವುದಿಲ್ಲ, ಕಳೆಯುವುದಿಲ್ಲ, ಕೇಳಿದ್ದನ್ನು ಕೇಳಿದ ಹಾಗೆಯೇ ಅನುವಾದಿಸುತ್ತೇನೆ ಎಂದು ವಿಖ್ಯಾತ ಮನಾಮದ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿಬಿಟ್ಟ. ಇಂಗ್ಲಿಷ್ ಎಂ.ಎ. ಮುಗಿಸಿ ಬಹ್ರೇನಿಗೆ ಬಂದದ್ದು ಎರಡು ಸಾವಿರದ ಒಂದರಲ್ಲಿ; ಹನ್ನೆರಡು ವರ್ಷಕ್ಕೆ ಅರಬ್ಬಿ ನೀರು ಕುಡಿದಷ್ಟು ಸಲೀಸು. ದುಭಾಷಿಗೆ ಇನ್ನೇನು ಬೇಕು? ಧೈರ್ಯದ ಸರ್ಟಿಫಿಕೇಟನ್ನು ಯಾರೂ ಕೇಳುವುದಿಲ್ಲ.

ಪಕ್ಕದಲ್ಲಿ ಫೆಲ್ಸಿ. ಬುಸೈತೀನಿನಲ್ಲಿ ಮಹಾಬಲರ ಮನೆಗೆಲಸಕ್ಕಿದ್ದವಳು. ಅಂಗಿಯ ಕಾಲರ್ ಸುಟ್ಟಿತೆಂದು ಮಹಾಬಲರ ಹೆಂಡತಿ ನೀರಜಾಕ್ಷಿ ಅದೇ ಇಸ್ತ್ರಿಪೆಟ್ಟಿಗೆಯನ್ನು ಅವಳ ಮೊಣಕೈಗೆ ಒತ್ತಿದ್ದರು. ಕೊನೆಗೊಮ್ಮೆ ಪೊಲೀಸರಿಗೆ ದೂರು ಕೊಟ್ಟು, ಆ ಪ್ರಕರಣ ಮುಗಿಯುವವರೆಗೆ ಇಲ್ಲಿರಲು ವೀಸಾ ಕೊಡಿ ಎಂದು ಫೆಲ್ಸಿ ಅರ್ಜಿ ಹಾಕಿದಳು. ಕಚೇರಿ ತಳ್ಳಿಹಾಕಿತು. ಅದನ್ನೇ ಈಗ ಇಲ್ಲಿ ಪ್ರಶ್ನಿಸಿದ್ದಳು. ಸೋತರೆ ಈ ವಾರವೇ ವಿಮಾನ. ಪ್ರಕರಣ ಅಲ್ಲಿಗೆ ಖಲಾಸ್.

"ಗೆಲ್ತೇವಾ ವಿಖ್ಯಾತಣ್ಣ?"

"ನೋಡುವ."

"ಆವತ್ತೂ ನೀವು ಹಾಗೇ ಹೇಳಿದ್ದು."

ಆವತ್ತು ಅಂದರೆ ಕನ್ನಡ ಸಂಘದ ಪಂಚಾತಿಕೆಯ ದಿನ. ಪೊಲೀಸು ಗಿಲೀಸು ಯಾಕೆ, ನಮ್ಮ ನಮ್ಮೊಳಗೇ ಮುಗಿಸುವ ಎಂದು ಹಿರಿಯರು ಗೋಳಿಬಜೆ ಮೆಲ್ಲುತ್ತ ತೀರ್ಮಾನಿಸಿದ್ದರು. ಮಹಾಬಲರು ರಾಜ್ಯೋತ್ಸವದ ಪ್ರಾಯೋಜಕರು. ವಿಖ್ಯಾತನ ವೀಸಾ ಕೂಡ ಅವರ ಕಂಪೆನಿಯದೇ. 'ನನ್ನ ಅಜಾಗರೂಕತೆಯಿಂದಲೇ ಕೈ ಸುಟ್ಟಿತು' ಎಂದು ಸೊಗಸಾದ ಇಂಗ್ಲಿಷಿನಲ್ಲಿ ರಾಜಿಪತ್ರ ಬರೆದು, ಓದಿ ಹೇಳದೆ, ಫೆಲ್ಸಿಯ ಸಹಿ ಹಾಕಿಸಿದವನು ಅವನೇ. ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ.

ಮಹಾಬಲರು ಅದನ್ನು ವೀಸಾ ಕಚೇರಿಗೆ ಮುಟ್ಟಿಸಿದ್ದರು. ಅಪರಾಧವೇ ನಡೆದಿಲ್ಲ, ಇವಳಿಗೆಂಥ ಅನ್ಯಾಯ ಎಂದಿತು ಕಚೇರಿ.

ಬೆಳಿಗ್ಗೆ ಮಹಾಬಲರೇ ಫೋನ್ ಮಾಡಿದ್ದರು. "ನೀನೇ ದುಭಾಷಿಯಂತಲ್ಲ ಮಾರಾಯ. ಒಳ್ಳೇದಾಯ್ತು, ನಮ್ಮವನೊಬ್ಬ ಇದ್ದ ಹಾಗಾಯ್ತು." ಹ್ಞೂಂ ಎಂದಿದ್ದ. ನಮಗೆ ಸಹಾಯ ಮಾಡ್ತೀಯಾ ಎಂದು ಫೆಲ್ಸಿಯ ವಕೀಲ ಅಬ್ದುಲ್ ಹಕೀಂ ಕೇಳಿದಾಗಲೂ ಹ್ಞೂಂ ಎಂದಿದ್ದ. ಥೂ, ಎಂಥ ಗಂಟಲಪ್ಪ ಇದು, ಯಾರು ಏನು ಕೇಳಿದರೂ ಹ್ಞೂಂ.

ನ್ಯಾಯಾಧೀಶರು ರಾಜಿಪತ್ರವನ್ನು ಎತ್ತಿ ಹಿಡಿದರು. "ಇವಳಿಗೆ ಇಂಗ್ಲಿಷ್ ಬಾರದು. ಹಾಗಾದರೆ ಇದನ್ನು ಬರೆದವರು ಯಾರು?"

ವಿಖ್ಯಾತ ಅಕ್ಷರ ಬಿಡದೆ ಕನ್ನಡಕ್ಕೆ ಅನುವಾದಿಸಿದ. ತನ್ನ ದನಿ ಬೇರೆ ಯಾರದೋ ಎಂಬಂತೆ ಕೇಳಿಸಿತು.

ಫೆಲ್ಸಿ ಅವನನ್ನೇ ನೋಡಿದಳು. ಅವಳಿಗೆ ಸಿಟ್ಟು ಕೂಡ ಇರಲಿಲ್ಲ.

"ನೀವೇ ಅಲ್ವಾ ಬರ್ದದ್ದು. ಅವರಿಗೆ ಹೇಳಿ."

ಆ ಕೋಣೆಯಲ್ಲಿ ಕನ್ನಡ ಬರುವವರು ಅವರಿಬ್ಬರೇ. ಅವನಿಗೆ ಹೆದರಿಕೆಯಾಯಿತು. ನಾಚಿಕೆ ಆಮೇಲೆ, ಮೆಲ್ಲಗೆ ಬಂತು.

"ಏನೆಂದಳು?" ನ್ಯಾಯಾಧೀಶರು ಕೇಳಿದರು.

ವಿಖ್ಯಾತ ಬಾಯಿ ತೆರೆದ. ಗುಮಾಸ್ತ ಕೀಲಿಮಣೆಯ ಮೇಲೆ ಬೆರಳಿಟ್ಟು ಕಾದ. ಪರದೆಯಲ್ಲಿ ಫೆಲ್ಸಿಯ ಹೆಸರಿನ ಮುಂದೆ ಖಾಲಿ ಜಾಗ. ಅಲ್ಲಿ ಸಣ್ಣ ಗೆರೆಯೊಂದು ಹೊತ್ತುತ್ತ, ಆರುತ್ತ, ಇದ್ದಲ್ಲೇ ನಿಂತಿತ್ತು.